ಹೊತ್ತವರಿಗೆ ಬಾಣಂತನ ಯಾರು ಮಾಡಿದರು?

ನಮ್ಮ ಮಗಳಿಗೆ ಈಗ ಏಳು ತಿಂಗಳು. ಸರೋಗಸಿಯಲ್ಲಿ, ಅಂದರೆ ಬೇರೊಬ್ಬ ಹೆಂಗಸು ನಮಗಾಗಿ ಹೊತ್ತು ಹೆತ್ತ ಮಗು. ನಾನು ಬದಿಯಡ್ಕದ ಕಡೆಯವನು, ನನ್ನ ಸಂಗಾತಿ ಹೊಸದುರ್ಗದವನು. ಕ್ಯಾಲಿಫೋರ್ನಿಯಾದಲ್ಲಿ ಮದುವೆಯಾಗಿ ಅಲ್ಲೇ ದುಡಿಯುತ್ತಿದ್ದೇವೆ. ಇದನ್ನು ಊರಲ್ಲೇ ಮಾಡಿಸಬಹುದಾ ಅಂತ ಕೇಳುವ ಹುಡುಗರಿಗೆ ಮೊದಲೇ ಹೇಳುತ್ತೇನೆ: ಆಗುವುದಿಲ್ಲ. 2021ರ ಸರೋಗಸಿ ಕಾಯ್ದೆ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಅವಕಾಶ ಇರುವುದು ಮದುವೆಯಾದ ಗಂಡು-ಹೆಣ್ಣಿಗೆ, ಬಿಟ್ಟರೆ 35ರಿಂದ 45 ವರ್ಷದ ವಿಧವೆ ಅಥವಾ ವಿಚ್ಛೇದಿತೆಗೆ. ದುಡ್ಡು ಕೊಟ್ಟು ಮಾಡಿಸಿದರೆ ಜೈಲು. ಗುಟ್ಟಾಗಿ ಮಾಡಿಸಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ.

ನಮ್ಮದರಲ್ಲಿ ಅಂಡಾಣು ಒಬ್ಬರದು, ಗರ್ಭ ಇನ್ನೊಬ್ಬರದು. ಅಂಡಾಣುಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಅವನ ವೀರ್ಯ, ಇನ್ನೊಂದಕ್ಕೆ ನನ್ನದು ಸೇರಿಸಿದರು. ಆದ ಭ್ರೂಣಗಳನ್ನು ಮೈನಸ್ 196 ಡಿಗ್ರಿಯಲ್ಲಿ ಇಟ್ಟರು. ಒಪ್ಪಂದಕ್ಕೆ ಹೊರುವವರಿಗೂ ನಮಗೂ ಬೇರೆ ಬೇರೆ ವಕೀಲರು ಬೇಕು, ಸಹಿಯಾಗದೆ ಔಷಧಿ ಶುರುಮಾಡುವಂತಿಲ್ಲ. ಹೆರಿಗೆಗೆ ಮೊದಲೇ ಕೋರ್ಟಿನ ಆದೇಶ ಬಂತು, ಹಾಗಾಗಿ ಜನನಪತ್ರದಲ್ಲಿ ಅಪ್ಪಂದಿರಾಗಿ ನಮ್ಮಿಬ್ಬರ ಹೆಸರಿದೆ.

ಮೊದಲ ಸಲ ಭ್ರೂಣ ನಿಲ್ಲಲಿಲ್ಲ. ರಕ್ತಪರೀಕ್ಷೆಯ ಫಲಿತಾಂಶ ಕೇಳಿ ನಮಗಿಂತ ಮೊದಲು ಅತ್ತವರು ಹೊರಲು ಒಪ್ಪಿದ್ದ ಆ ಹೆಂಗಸು. ಎರಡನೆಯ ಸಲ ನಿಂತಿತು. ಅದಕ್ಕಾಗಿ ಅವರು ವಾರಗಟ್ಟಲೆ ದಿನಾ ಸೊಂಟದ ಕೆಳಗೆ ಪ್ರೊಜೆಸ್ಟರಾನ್ ಎಂಬ, ಗರ್ಭ ನಿಲ್ಲಲು ನೆರವಾಗುವ ಹಾರ್ಮೋನು ಚುಚ್ಚಿಸಿಕೊಂಡರು. ಅದು ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧಿ, ಮಂದ. ಅವರ ಗಂಡ ಬಾಟಲಿಯನ್ನು ಎರಡು ಅಂಗೈ ನಡುವೆ ಉಜ್ಜಿ ಬೆಚ್ಚಗೆ ಮಾಡಿ ಚುಚ್ಚುತ್ತಿದ್ದುದನ್ನು ವಿಡಿಯೋ ಕರೆಯಲ್ಲಿ ನೋಡಿದ್ದೇನೆ. ಚುಚ್ಚಿದಲ್ಲೆಲ್ಲ ಗಂಟು ಕಟ್ಟಿತ್ತು. ನಾವು ಕೊಟ್ಟದ್ದು ಸಣ್ಣ ಮೊತ್ತವೇನಲ್ಲ. ಆದರೂ ಅಂದಿನಿಂದ ‘ಬಾಡಿಗೆ ತಾಯಿ’ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಕಳೆದ ತಿಂಗಳು ಮಗುವನ್ನು ಊರಿಗೆ ಕರಕೊಂಡು ಬಂದೆವು. ಮಗುವಿನ ಅಬ್ಬೆ (ಅಮ್ಮ) ಯಾರೆಂದು ಕೇಳಿದರೆ ಏನು ಹೇಳಲಿ ಅಂತ ವಿಮಾನದಲ್ಲಿ ಪೂರ್ತಿ ಯೋಚಿಸಿದ್ದೆ. ನನ್ನ ಅಬ್ಬೆ ಅದನ್ನು ಕೇಳಲಿಲ್ಲ. ಪುಳ್ಳಿಯನ್ನು (ಮೊಮ್ಮಗಳನ್ನು) ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಾ, “ಹೊತ್ತವಕ್ಕೆ ಬಾಳಂತನ ಆರು ಮಾಡಿದವು?” ಅಂದಳು. ಅವರ ತಾಯಿ ಬಂದಿದ್ದರು ಅಂದೆ. “ಎಷ್ಟು ದಿನ?”

ನನಗೆ ಗೊತ್ತಿರಲಿಲ್ಲ. ಆ ರಾತ್ರಿಯೇ ಫೋನು ಮಾಡಿ ಕೇಳಿದೆ. ಹತ್ತು ದಿನ, ಅಂದರು.