ಬಲಗಡೆ ಸೀಟಿನಿಂದಲೇ ಹೆಂಡತಿ ವಿಮಾನ ಇಳಿಸಿದಳು: ನನ್ನ ಅನುಭವ

ಮೊನ್ನೆ ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ನಮ್ಮ ಪುಟ್ಟ ವಿಮಾನ ಸೆಸ್ನಾ 172ನ್ನು ಬಲಗಡೆ ಸೀಟಿನಿಂದ ಮೂರು ಸಲ ಇಳಿಸಿದಳು. ನಾನು ಎಡಗಡೆ, ಪೈಲಟ್ ಸೀಟಿನಲ್ಲಿ, ಕೈ ಕಟ್ಟಿಕೊಂಡು ಕೂತಿದ್ದೆ. ಮೂರನೆಯದು ನನ್ನ ಲ್ಯಾಂಡಿಂಗಿಗಿಂತ ಮೆತ್ತಗಿತ್ತು. ಮನೆಯಲ್ಲಿ ಅದನ್ನು ಇನ್ನೂ ಒಪ್ಪಿಕೊಂಡಿಲ್ಲ.

ಡಲ್ಲಾಸ್ ಹತ್ತಿರ ನಾವು ಮೂವರು ಸೇರಿ ಕೊಂಡ ಹಳೇ ವಿಮಾನ ಇದು. ಹ್ಯಾಂಗರಿನಲ್ಲಿ ಎಲ್ಲರದೂ ಒಂದೇ ಮಾತು: ಬಲಗಡೆ ಯೋಕ್ (ವಿಮಾನದ ಸ್ಟೀರಿಂಗ್) ಇರೋದು ಇನ್‌ಸ್ಟ್ರಕ್ಟರಿಗೆ. ನಿಜ, ಪಾಠ ಹೇಳೋಕೆ ಎರಡೂ ಕಡೆ ಕಂಟ್ರೋಲ್ ಬೇಕು ಅಂತ ಇಲ್ಲಿ ಅಮೆರಿಕದ ವಿಮಾನಯಾನ ನಿಯಮ 91.109 ಇದೆ. ಆದರೆ ಲೈಸೆನ್ಸ್ ಸಿಕ್ಕ ಮೇಲೆ ಆ ಸೀಟಿನಲ್ಲಿ ಕೂರೋದು ಯಾರು? ಐದು ಸಾವಿರ ಅಡಿ ಮೇಲೆ ನಾನು ಎದೆ ಹಿಡಿದುಕೊಂಡರೆ ಅವಳ ಮುಂದೆ ಇರೋದು ಅದೇ ಯೋಕ್, ಅದೇ ಪೆಡಲ್. ಒಬ್ಬ ‘ಇಡೀ ವಿಮಾನಕ್ಕೇ ಪ್ಯಾರಾಶೂಟ್ ಇರೋ ಸಿರಸ್ ವಿಮಾನ ತಗೋ’ ಅಂದ. ದುಡ್ಡು ಅವನು ಕೊಡ್ತಾನಾ?

ಮೊದಲ ಇನ್‌ಸ್ಟ್ರಕ್ಟರ್ ಅವಳನ್ನು ಎಡಗಡೆಯೇ ಕೂರಿಸಿದರು. ನಾಲ್ಕು ಗಂಟೆ ಕಲಿತಳು, ಚೆನ್ನಾಗಿಯೇ. ಬಲಕ್ಕೆ ಬಂದರೆ ಎಲ್ಲಾ ತಿರುಗುಮುರುಗು. ಎಡಗೈಗೆ ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡೋ ಥ್ರಾಟಲ್, ಬಲಗೈಗೆ ಯೋಕ್. ಏರ್‌ಸ್ಪೀಡ್ ಮೀಟರ್ ನನ್ನ ಮೂಗಿನ ಕೆಳಗೆ, ಅವಳು ಕತ್ತು ಉದ್ದ ಮಾಡಿ ಓದಬೇಕು. ಆ ನಾಲ್ಕು ಗಂಟೆ ನೀರಿನಲ್ಲಿ ಹೋಮ. ಎರಡನೆಯವರು ತಾವೇ ಎಡಗಡೆ ಕೂತು ಕಲಿಸಲು ಒಪ್ಪಿದರು, ಗಂಟೆಗೆ 65 ಡಾಲರ್. ಅವರ ಜೊತೆ ಎರಡೇ ಪಾಠ, ಉಳಿದದ್ದು ನಾವಿಬ್ಬರೇ.

ಅಲ್ಲಿಂದ ಜಗಳ ಶುರು. ಯೋಕ್ ಅಂದ್ರೆ ನೊಗ ತಾನೇ? ಪ್ಯಾನೆಲ್ ಹಿಂದೆ ಎರಡನ್ನೂ ಬಿಗಿದು ಕಟ್ಟಿರುತ್ತಾರೆ. ಅವಳು ಎಳೆದರೆ ನನ್ನ ಕಡೆಯದೂ ಹಿಂದೆ ಬರುತ್ತೆ. ನಾನು ‘ಸುಮ್ನೆ’ ಅಂತ ಎರಡು ಬೆರಳು ಇಟ್ಟರೂ ಅವಳಿಗೆ ಗೊತ್ತಾಗುತ್ತಿತ್ತು. ಒಂದು ಸಲ ನೆಲದಿಂದ ಇಪ್ಪತ್ತು ಅಡಿಯಲ್ಲಿ ಅವಳು ಎಳೆದಳು, ನಾನು ತಳ್ಳಿದೆ. ಮೂಗಿನ ಚಕ್ರ ದಬ್ ಅಂತ ಬಿತ್ತು. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಆಮೇಲೆ ಕನ್ನಡದಲ್ಲೇ ಒಪ್ಪಂದವಾಯ್ತು. ‘ಹಿಡಿ’ ಅಂತ ನಾನು, ‘ಹಿಡಿದೆ’ ಅಂತ ಅವಳು, ‘ಬಿಟ್ಟೆ’ ಅಂತ ನಾನು. ಬಿಟ್ಟೆ ಅಂದಮೇಲೆ ಕೈ ತೊಡೆ ಮೇಲೆ.

ಇನ್ನೊಂದು ಸಲ ಪೆಡಲ್ ಮೇಲ್ಭಾಗದಲ್ಲಿ ಪಾದ ಊರಿಕೊಂಡೇ ಇಳಿಸಿದಳು. ಅಂದ್ರೆ ಬ್ರೇಕ್ ಒತ್ತಿಕೊಂಡೇ. ಟೈರ್ ಒಂದು ಕಡೆ ಚಪ್ಪಟೆ! ಹೊಸದು, ಕೂಲಿ ಎಲ್ಲಾ ಸೇರಿ ಇನ್ನೂರೈವತ್ತು ಡಾಲರ್ ಇರಬಹುದು. ಪಾಲುದಾರರು ತಿಂಗಳುಗಟ್ಟಲೆ ಆಡಿಕೊಂಡರು. ಈಗ ಹಿಮ್ಮಡಿ ನೆಲಕ್ಕೆ ಅಂಟಿರಬೇಕು ಅನ್ನೋದು ಮೊದಲ ಪಾಠ.

ತಲೆ ತಿಂದದ್ದು ಮಾತ್ರ ಬೇರೆ. ಅವಳು ವಿಮಾನದ ಮೂಗಿನ ತುದಿಯನ್ನು ರನ್‌ವೇ ನಡುಗೆರೆಗೆ ಹೊಂದಿಸುತ್ತಿದ್ದಳು. ಬಲ ಸೀಟಿನಿಂದ ಹಾಗೆ ಮಾಡಿದರೆ ವಿಮಾನ ಬಲಕ್ಕೆ ತಿರುಗಿ ಅಡ್ಡಡ್ಡ ಇಳಿಯುತ್ತೆ, ಟೈರ್ ಕಿರುಚುತ್ತೆ. ನಾನೇ ಬಲಗಡೆ ಕೂತು, ಇನ್‌ಸ್ಟ್ರಕ್ಟರನ್ನು ಎಡಕ್ಕೆ ಹಾಕಿ ನೋಡಿದೆ. ನಾನೂ ಅದೇ ತಪ್ಪು ಮಾಡಿದೆ! ಕೊನೆಗೆ ಅವಳ ಕಣ್ಣಿನ ನೇರಕ್ಕೆ ವಿಂಡ್‌ಶೀಲ್ಡ್ ಮೇಲೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿದೆ. ಅವಳ ಪರ್ಸಿನಲ್ಲೇ ಇತ್ತು. ಸೀಟನ್ನು ದಿನಾ ಒಂದೇ ತೂತಿಗೆ ಲಾಕ್ ಮಾಡಬೇಕು, ಇಲ್ಲದಿದ್ದರೆ ಬಿಂದಿ ಸುಳ್ಳು ಹೇಳುತ್ತೆ. ಸೆಸ್ನಾ ಸೀಟ್ ಲಾಕ್ ಬಿಟ್ಟು ಹಳಿ ಮೇಲೆ ಜಾರೋದು ಹಳೇ ಕಥೆ, 1987ರಿಂದ ಅದರ ತಪಾಸಣೆಗೆ ಆದೇಶವೇ ಇದೆ. ಜಾರಿದರೆ ಯೋಕ್ ಹಿಡಿದುಕೊಂಡೇ ಹಿಂದೆ ಹೋಗ್ತೀವಿ.

ವೇಗ ಓದೋದನ್ನೂ ಬಿಡಿಸಿದೆ. ಎಂಜಿನ್ ಸುಮಾರು 1500 ಆರ್‌ಪಿಎಂ, ರೆಕ್ಕೆಯ ಹಿಂದಂಚಿನ ಫ್ಲಾಪ್ 20 ಡಿಗ್ರಿ, ಯೋಕ್ ಹಿಡಿಯದೆ ಮೂಗನ್ನು ಒಂದೇ ಮಟ್ಟದಲ್ಲಿಡೋ ಟ್ರಿಮ್ ಚಕ್ರ ನಾನು ಗುರುತು ಹಾಕಿದ ಕಡೆ. ನಮ್ಮ ವಿಮಾನ ಅರವತ್ತೈದು ಎಪ್ಪತ್ತು ನಾಟ್‌ನಲ್ಲಿ ತಾನಾಗಿಯೇ ರನ್‌ವೇ ಕಡೆ ಕೆಳಗೆ ಬರುತ್ತೆ. ಮೀಟರಿಗೆ ರಟ್ಟು ಮುಚ್ಚಿ ಪರೀಕ್ಷೆ ಮಾಡಿದೆ, ಐದು ನಾಟ್ ಹೆಚ್ಚುಕಡಿಮೆ ಇರಲಿಲ್ಲ. ಟ್ರಿಮ್ ಗುರುತು ಎಲ್ಲಿ ಅಂತ ಕೇಳಬೇಡಿ. ನಿಮ್ಮ ವಿಮಾನದ್ದು ಬೇರೆ, ನನ್ನದು ಹೇಳಲ್ಲ. ಯೋಕ್ ಎಳೆಯೋ ಹೊತ್ತಿಗೆ ಅವಳಿಗೆ ಹೇಳೋ ಒಂದು ಮಾತೂ ಇದೆ, ಅದೂ ನಮ್ಮಲ್ಲೇ ಇರಲಿ.

ಇಗ್ನಿಷನ್ ಕೀ ನನ್ನ ಕಡೆ ಇರೋದರಿಂದ ಅವಳಿಗೆ ಎಟುಕಲ್ಲ. ನಿಂತ ಮೇಲೆ ನಡುವಿನ ಕೆಂಪು ಮಿಕ್ಸ್ಚರ್ ಗುಂಡಿ ಎಳೆದರೆ ಸಾಕು, ಪೆಟ್ರೋಲ್ ನಿಂತು ಎಂಜಿನ್ ಆಫ್ ಆಗುತ್ತೆ. ತುರ್ತಿಗೆ ರೇಡಿಯೋ 121.5, ರೇಡಾರಿಗೆ ಸಂಕೇತ ಕಳಿಸೋ ಟ್ರಾನ್ಸ್‌ಪಾಂಡರ್ 7700 ಅಂತ ಬರೆದು ಅವಳ ಮುಂದೆ ಅಂಟಿಸಿದ್ದೀನಿ.

ಒಟ್ಟು ಹದಿನಾಲ್ಕು ಗಂಟೆ ಆಗಿರಬೇಕು. ಪೆಟ್ರೋಲ್ ಸೇರಿ ಗಂಟೆಗೆ 125ರ ಲೆಕ್ಕದಲ್ಲಿ ವಿಮಾನಕ್ಕೆ 1750, ಇನ್‌ಸ್ಟ್ರಕ್ಟರುಗಳಿಗೆ ನಾನೂರು ಚಿಲ್ಲರೆ, ಟೈರ್. ಎರಡೂವರೆ ಸಾವಿರದ ಹತ್ತಿರ.

ನಡುವೆ ಒಂದು ವಾರ ಬಲಗಡೆ ಯೋಕನ್ನೇ ಮೆಕ್ಯಾನಿಕ್ ಕೈಲಿ ತೆಗೆಸಿದ್ದೆ, ಊರಿಂದ ಬಂದ ಮಾವನವರ ಮೊಣಕಾಲಿಗೆ ಜಾಗ ಆಗಲಿ ಅಂತ. ಅವರು ಆರಾಮಾಗಿ ಕೂತರು. ಹಿಂದಿನ ಸೀಟಿನಲ್ಲಿದ್ದ ಇವಳು ಮಾತ್ರ ದಾರಿಯುದ್ದಕ್ಕೂ ‘ಈಗ ನಿಮಗೇನಾದ್ರೂ ಆದ್ರೆ?’ ಅಂತಲೇ ಇದ್ದಳು. ಮರುದಿನವೇ ಹಾಕಿಸಿದೆ.

ಹ್ಯಾಂಗರಿನಲ್ಲಿ ಜಾಸ್ತಿ ನಕ್ಕವನದು ಹಳೇ ಪೈಪರ್ ಚೆರೋಕಿ ವಿಮಾನ. ಅದರಲ್ಲಿ ಬಲಗಡೆ ಪೆಡಲಿಗೆ ಬ್ರೇಕ್ ಇಲ್ಲ, ಪ್ಯಾನೆಲ್ ಕೆಳಗೆ ಕೈಬ್ರೇಕ್ ಒಂದೇ. ಭಾನುವಾರ ಅವನ ಹೆಂಡತಿಯನ್ನೂ ಕೂರಿಸಬೇಕಂತೆ. ಬಿಂದಿ ತರೋಕೆ ಹೇಳಿದ್ದೀನಿ.