ಸಾಯುವ ಉದ್ದೇಶ ಇತ್ತಾ? ನಾನು ಕೇಳಿ ತಿಳಿಯುವ ಬಗೆ

ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆ ಸೇರಿದವರನ್ನು ನೋಡಲು ನನ್ನಂಥ ಮನೋವೈದ್ಯರನ್ನು ವಾರ್ಡಿಗೆ ಕರೆಸುವಷ್ಟರಲ್ಲಿ ಅಲ್ಲಿ ಒಂದು ತೀರ್ಪು ಆಗಿಹೋಗಿರುತ್ತದೆ. 'ಏನೂ ಆಗಿಲ್ಲ ಸಾರ್, ಸುಮ್ನೆ ಹೆದರಿಸೋಕೆ ಮಾಡಿಕೊಂಡಿದ್ದಾಳೆ.' ಈ ಮಾತು ನನಗೆ ನೋವು ಕೊಡುತ್ತದೆ. ಗಾಯ ಚಿಕ್ಕದು ಅಂದ ಮಾತ್ರಕ್ಕೆ ಸಾಯುವ ಇಚ್ಛೆ ಚಿಕ್ಕದಲ್ಲ. ಮಾಡಿಕೊಂಡದ್ದು ಎಷ್ಟು ಅಪಾಯದ್ದು ಅಂತ ವೈದ್ಯರಾದ ನಮಗೆ ಗೊತ್ತು, ಅವರಿಗೂ ಗೊತ್ತಿತ್ತು ಅಂತ ಹೇಳಲಾಗದು. ಅದಕ್ಕೇ 'ಇದರಿಂದ ಏನಾಗುತ್ತೆ ಅಂದುಕೊಂಡಿದ್ದಿರಿ?' ಅಂತ ಕೇಳುತ್ತೇನೆ.

ಅದಕ್ಕೂ ಮೊದಲು ಮನೆಯವರನ್ನು ಹೊರಗೆ ಕಳಿಸುತ್ತೇನೆ. ಗಂಡನೋ ಅತ್ತೆಯೋ ಪಕ್ಕದಲ್ಲಿದ್ದರೆ 'ಗೊತ್ತಾಗದೆ ಆಗಿಹೋಯ್ತು' ಅನ್ನುವುದೇ ಉತ್ತರ. ಪೊಲೀಸರ ಭಯವೂ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಬೇರೆ ರೀತಿ ಸಾಬೀತಾಗದ ಹೊರತು ಇಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ನೋಡಬೇಕು, ಶಿಕ್ಷಿಸಬಾರದು ಅನ್ನುತ್ತದೆ. ಅದನ್ನು ಹೇಳಿದ ಮೇಲೆ ಮಾತು ಸ್ವಲ್ಪ ಸಡಿಲವಾಗುತ್ತದೆ.

ಆಮೇಲೆ ಆ ದಿನವನ್ನು ಬೆಳಗಿನಿಂದ ಕೇಳುತ್ತಾ ಹೋಗುತ್ತೇನೆ. ಮನೆಯಲ್ಲಿ ಯಾರಿದ್ದರು? ಯಾರೂ ಬಾರದ ಹೊತ್ತು ನೋಡಿಕೊಂಡಿದ್ದರಾ? ಸಾಲ, ಒಡವೆ, ಮಕ್ಕಳ ಬಗ್ಗೆ ಯಾರಿಗಾದರೂ ಹೇಳಿಟ್ಟಿದ್ದರಾ? ಚೀಟಿ ಬರೆದಿಟ್ಟಿದ್ದರಾ? ಚೀಟಿ ಅಂದರೆ ಈಗ ವಾಟ್ಸ್ಆಪ್ ಸ್ಟೇಟಸ್, ವಾಯ್ಸ್ ಮೆಸೇಜ್ ಕೂಡ. ಆದಮೇಲೆ ತಾವೇ ಯಾರನ್ನಾದರೂ ಕರೆದರಾ, ಅಥವಾ ಯಾರೋ ಅಕಸ್ಮಾತ್ ನೋಡಿದರಾ? ಸಾಯುವ ಉದ್ದೇಶ ಎಷ್ಟಿತ್ತು ಅಂತ ಅಂಕ ಕೊಟ್ಟು ಅಳೆಯಲು 1974ರಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಮತ್ತು ಜೊತೆಗಾರರು ಪ್ರಕಟಿಸಿದ ಮಾಪನದಲ್ಲಿ ಇಂಥವೇ ಪ್ರಶ್ನೆಗಳಿವೆ. ಏನನ್ನೂ ಬಿಡದೆ ಕೇಳಲು ಅದು ನೆರವಾಗುತ್ತದೆ. ಆದರೆ ಅಂಕ ಕಮ್ಮಿ ಬಂತು ಅಂತ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಮುಂದೆ ಏನಾಗುತ್ತದೆ ಅಂತ ಯಾವ ಅಂಕವೂ ಹೇಳಲಾರದು.

'ಸಾಯಬೇಕು ಅನ್ನಿಸಿತ್ತಾ?' ಅಂತ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವ ಭಯ ಬೇಡ. ಎಷ್ಟೋ ಜನರಿಗೆ ಸಾಯಬೇಕು ಅಂತಲೂ ಇರುತ್ತದೆ, ಯಾರಾದರೂ ಬರಲಿ ಅಂತಲೂ ಇರುತ್ತದೆ. ಎರಡನ್ನೂ ಕೇಸ್ ಶೀಟಿನಲ್ಲಿ ಅವರ ಮಾತಿನಲ್ಲೇ ಬರೆಯುತ್ತೇನೆ. ಒಳಗಿನ ಸಂಕಟ ತಾಳಲಾರದೆ, ಸಾಯುವ ಆಸೆಯಿಲ್ಲದೆ ಗಾಯ ಮಾಡಿಕೊಳ್ಳುವವರೂ ಇದ್ದಾರೆ. ಆದರೆ ಹೋದ ಸಲದ ಉತ್ತರ ಈ ಸಲಕ್ಕೆ ನಡೆಯುವುದಿಲ್ಲ. ಪ್ರತಿ ಸಲವೂ ಹೊಸದಾಗಿಯೇ ಕೇಳಬೇಕು.

ನಾನು ಜಾಸ್ತಿ ಹೊತ್ತು ಕೂರುವುದು ಒಂದು ಪ್ರಶ್ನೆಗೆ: 'ಉಳಿದುಕೊಂಡದ್ದು ಈಗ ಹೇಗನಿಸುತ್ತಿದೆ?' 'ಬೇಜಾರು' ಅಂದರೆ ಅವತ್ತು ಮನೆಗೆ ಕಳಿಸುವ ಮಾತಿಲ್ಲ. 'ಮಗಳ ಮುಖ ನೋಡಿದೆ, ಸಮಾಧಾನ ಆಯ್ತು' ಅಂದರೂ ಒಬ್ಬರನ್ನೇ ಬಿಡಬೇಡಿ ಅಂತ ಮನೆಯವರಿಗೆ ಹೇಳುತ್ತೇನೆ. ಅಪಾಯದ ವಸ್ತು ಮನೆಯಿಂದ ಆಚೆ ಹೋಗಬೇಕು. ಮುಂದಿನ ಭೇಟಿ ಆ ವಾರದೊಳಗೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸುತ್ತೇನೆ. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.