ಎಂಟು ದಿನ ತಡವಾದ ಮೆಕ್ಕೆಜೋಳ

ಬಿಸಿಲಲ್ಲಿ ನಿಂತ ಲಾರಿಯ ಮೂಟೆ ಹೊರಗೆ ಕಾದಿರುವುದು ಸಹಜ. ಮೊಣಕೈವರೆಗೆ ಕೈ ತೂರಿಸಿದಾಗ ಒಳಗಿನ ಕಾಳೂ ಬೆಚ್ಚಗಿದ್ದರೆ ಮಾತ್ರ ಎದೆ ಧಸಕ್ಕೆನ್ನಬೇಕು. ದಾವಣಗೆರೆಯ ಮಂಡಿಯಲ್ಲಿ ಗುಮಾಸ್ತನಾಗಿದ್ದಾಗ ಹಿರಿಯ ಹಮಾಲರೊಬ್ಬರು ಕಲಿಸಿದ ಪಾಠವಿದು. ಅದು ಕೆಲಸಕ್ಕೆ ಬಂದದ್ದು 2016ರ ನವೆಂಬರ್‌ನಲ್ಲಿ, ಆಫ್ರಿಕಾದ ಮಲಾವಿ ದೇಶದ ದಕ್ಷಿಣ ತುದಿಯ ನ್ಸಾಂಜೆ ಜಿಲ್ಲೆಯಲ್ಲಿ. ಪರಿಹಾರ ಧಾನ್ಯದ ಗೋದಾಮು ಮತ್ತು ಹಂಚಿಕೆ ಆಗ ನನ್ನ ಹೊಣೆಯಾಗಿತ್ತು.

ಆ ಜನರಿಗೆ ಬರ ಒಂಟಿಯಾಗಿ ಬಂದಿರಲಿಲ್ಲ. 2015ರ ಜನವರಿಯಲ್ಲಿ ಶಿರೆ ನದಿಯ ಪ್ರವಾಹ ಹೊಲಗಳನ್ನು ಕೊಚ್ಚಿಕೊಂಡು ಹೋಗಿತ್ತು. ಮರುವರ್ಷ ಎಲ್ ನಿನೊ ಬಂದು ಮಳೆಯೇ ಕೈಕೊಟ್ಟಿತು. 2016ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಪೀಟರ್ ಮುಥಾರಿಕಾ ರಾಷ್ಟ್ರೀಯ ವಿಪತ್ತು ಘೋಷಿಸಿದರು. ಸುಮಾರು 65 ಲಕ್ಷ ಜನರಿಗೆ, ಅಂದರೆ ಹತ್ತರಲ್ಲಿ ನಾಲ್ವರಿಗೆ, ಆಹಾರ ನೆರವು ಬೇಕೆಂದು ಸರ್ಕಾರದ ಸಮೀಕ್ಷೆ ಲೆಕ್ಕ ಹಾಕಿತ್ತು. ಮಲಾವಿಗೆ ಕಡಲಿಲ್ಲ. ಹೊರಗಿನ ಕಾಳು ನೆರೆ ದೇಶಗಳಿಂದ ಲಾರಿಯಲ್ಲಿ ಬರಬೇಕು, ಇಲ್ಲವೇ ಮೊಜಾಂಬಿಕ್‌ನ ಬೈರಾ, ನಕಾಲಾದಂಥ ಬಂದರುಗಳಲ್ಲಿ ಇಳಿದು ಬರಬೇಕು.

ನಮ್ಮ ಕಡೆ ಮೆಕ್ಕೆಜೋಳವೆಂದರೆ ಹಳದಿ. ಆಗ ಬಹುಪಾಲು ಕೋಳಿ ಮತ್ತು ದನಗಳ ಮೇವಿಗೆ ಹೋಗುತ್ತಿತ್ತು. ಅಲ್ಲಿ ಬಿಳಿ ಮೆಕ್ಕೆಜೋಳವೇ ಅನ್ನ. ಅದರ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಮಾಡುವ ನ್ಸಿಮಾ ನಮ್ಮ ಮುದ್ದೆಗೆ ತೀರ ಹತ್ತಿರ. ಬೇರೆ ಏನೇ ತಿಂದಿದ್ದರೂ ನ್ಸಿಮಾ ಇಲ್ಲದ ದಿನ ಊಟ ಮಾಡಿದೆನೆಂದು ಯಾರೂ ಹೇಳುವುದಿಲ್ಲ.

ಒಂದು ಕುಟುಂಬಕ್ಕೆ ತಿಂಗಳಿಗೆ 50 ಕಿಲೊ ಮೆಕ್ಕೆಜೋಳದ ಒಂದು ಮೂಟೆ, ಜೊತೆಗೆ 10 ಕಿಲೊ ಬೇಳೆಕಾಳು, ಒಂದು ಡಬ್ಬಿ ಎಣ್ಣೆ. ಮನೆಯಲ್ಲಿ ಐದೂವರೆ ಜನರೆಂದು ಹಿಡಿದರೆ ತಲೆಗೆ ದಿನಕ್ಕೆ 300 ಗ್ರಾಂ ಜೋಳ. ಪಟ್ಟಿಯನ್ನು ಊರಿನ ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದೆ. ಹೆಸರು ಬಿಟ್ಟುಹೋದವರು ಅಲ್ಲೇ ಎದ್ದು ಕೇಳುತ್ತಿದ್ದರು. ಹಂಚಿಕೆ ಮುಗಿದ ಮೇಲೆ ಪಟ್ಟಿಯಲ್ಲಿದ್ದವರು ಪಟ್ಟಿಯಲ್ಲಿಲ್ಲದ ನೆರೆಯವರಿಗೆ ಬೋಗುಣಿಯಲ್ಲಿ ಅಳೆದು ಕೊಡುವುದೂ ಇತ್ತು. ಅದನ್ನು ನಿಯಮಭಂಗವೆಂದು ವರದಿ ಮಾಡಬೇಕೆಂದು ಕೆಲವು ಸಹೋದ್ಯೋಗಿಗಳ ವಾದ. ನಾನು ಒಪ್ಪಲಿಲ್ಲ. ಎಲ್ಲರೂ ಹಸಿದಿರುವ ಊರಿನಲ್ಲಿ ಅರ್ಧ ಜನರ ಹೆಸರನ್ನು ಮಾತ್ರ ಬರೆದುಕೊಂಡವರು ನಾವು. ಉಳಿದ ಅರ್ಧ ಜನರ ಜೊತೆ ಬಾಳಬೇಕಾದವರು ಅವರು.

ಆ ನವೆಂಬರ್‌ನಲ್ಲಿ ಬಂದ ಒಂದು ಲಾರಿಯಲ್ಲಿ 600 ಮೂಟೆಗಳಿದ್ದವು, 30 ಟನ್. ತೇವಾಂಶದ ನಮ್ಮ ಮಿತಿ ಶೇಕಡಾ 13.5. ಮೊದಲ ಸಾಲಿನ ಮೂಟೆಗಳು 12, 13 ತೋರಿಸಿದವು. ಒಳಸಾಲಿಗೆ ಕೊಳವೆ ಚುಚ್ಚಿ ತೆಗೆದ ಕಾಳು 16 ತೋರಿಸಿತು. ಕೈ ಹಾಕಿದರೆ ಬೆಚ್ಚಗಿತ್ತು, ಹುಳಿ ವಾಸನೆ. ಮೇಲೆ ಒಣಗಿದ್ದು, ಒಳಗೆ ಹಸಿಯದು: ಈ ಆಟ ಯಾವ ದೇಶದ ಮಂಡಿಯಲ್ಲೂ ಹೊಸದಲ್ಲ. ಆದರೆ ಹಸಿದವರ ಪಾಲಿನ ಕಾಳಿನಲ್ಲಿ ಅದನ್ನು ಕಂಡಾಗ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಲಾರಿಯನ್ನು ಹಿಂದಕ್ಕೆ ಕಳಿಸಿದರೆ ಮತ್ತೊಂದು ಯಾವಾಗ ಬರುತ್ತದೋ ಹೇಳುವವರಿಲ್ಲ. ಹಾಗೇ ಹಂಚುವ ಮಾತೇ ಇಲ್ಲ. ಬೂಸ್ಟು ಹಿಡಿದ ಜೋಳದ ವಿಷ ಒಣಗಿಸಿದರೂ ಹೋಗದು, ಬೇಯಿಸಿದರೂ ಹೋಗದು. ಆರುನೂರು ಮೂಟೆಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆವು. ಒಣಗಿದ್ದವನ್ನು ಹಲಗೆಗಳ ಮೇಲೆ, ಗೋಡೆಯಿಂದ ಒಂದು ಮೀಟರ್ ಬಿಟ್ಟು ನಿಟ್ಟು ಹಾಕಿಸಿದೆ. ಹಸಿಯಾಗಿದ್ದರೂ ಬೂಸ್ಟು ಕಾಣದವನ್ನು ತಾಡಪಾಲಿನ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿ, ತಾಸಿಗೊಮ್ಮೆ ಕೈಯಾಡಿಸಿ ಒಣಗಿಸಿದೆವು. ಆ ಕಣಿವೆಯಲ್ಲಿ ನವೆಂಬರ್ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕೃತಜ್ಞನಾಗಿದ್ದು ಬದುಕಿನಲ್ಲಿ ಅದೊಂದೇ ಸಲ. ಬೂಸ್ಟು ಹಿಡಿದ ಮೂಟೆಗಳನ್ನು ಎಣಿಸಿ, ಸಾಕ್ಷಿಗಳ ಎದುರು ಹೂಳಿಸಿದೆ.

ಇಷ್ಟಕ್ಕೆ ಎಂಟು ದಿನ ಹಿಡಿಯಿತು. ಎರಡು ಊರುಗಳ ಹಂಚಿಕೆ ಅಷ್ಟು ದಿನ ಮುಂದಕ್ಕೆ ಹೋಯಿತು.

ಎಂಟು ದಿನವೆಂದರೆ ಎಷ್ಟೆಂಬುದು ನನಗೆ ತಿಳಿದದ್ದು ಹಂಚಿಕೆಯ ಮುಂಜಾನೆ. ಸಾಲಿನಲ್ಲಿ ಒಬ್ಬ ಹೆಂಗಸು ಬೆನ್ನಿಗೆ ಕೂಸು ಕಟ್ಟಿಕೊಂಡು ನಿಂತಿದ್ದರು. ಕೈಯಲ್ಲಿದ್ದ ಬಟ್ಟೆಯ ಗಂಟಿನಲ್ಲಿ ಕೆಸರು ಮೆತ್ತಿದ ಕಪ್ಪು ಸಿಪ್ಪೆಯ ಗೆಡ್ಡೆಗಳಿದ್ದವು: ನ್ಯಿಕಾ, ಅಂದರೆ ನೈದಿಲೆ ಗೆಡ್ಡೆ. ಬರಗಾಲದಲ್ಲಿ ಅಲ್ಲಿನವರು ಅದನ್ನು ಮೊಸಳೆಗಳಿರುವ ಹಿನ್ನೀರಿಗೆ ಇಳಿದು ಕಿತ್ತು ತರುತ್ತಾರೆ. "ಅಮಾಯಿ, ನೀರಿಗೆ ಇಳಿದಿರಾ?" ಎಂದು ದುಭಾಷಿಯ ಮೂಲಕ ಕೇಳಿದೆ. ಅಲ್ಲಿ ತಾಯಂದಿರನ್ನು ಕರೆಯುವುದೇ ಹಾಗೆ, ಗಂಡಸರನ್ನು ಬಾಂಬೊ ಎಂದು. "ಬಾಂಬೊ, ಮೂಟೆ ಬರಲಿಲ್ಲವಲ್ಲ," ಎಂದರು. ದೂರಿನ ದನಿಯೇ ಇರಲಿಲ್ಲ.

ಅವರ ಹೇಳಿಕೆಯಿಂದ ಉಳಿದದ್ದು ಗೊತ್ತಾಯಿತು. ಮೊದಲ ಮಳೆ ಬಿದ್ದಾಗ ಅರ್ಧ ಹೊಲಕ್ಕೆ ಬೀಜ ಊರಿದ್ದರು. ಅಷ್ಟರಲ್ಲಿ ಮನೆಯ ಹಿಟ್ಟು ಮುಗಿಯಿತು. ಗುದ್ದಲಿ ಹೊತ್ತು ಗನ್ಯುವಿಗೆ, ಅಂದರೆ ಉಳ್ಳವರ ಹೊಲದ ಕೂಲಿಗೆ ಹೋದರು. ಸಂಜೆಗೆ ಒಂದು ಬೋಗುಣಿ ಹಿಟ್ಟು ಸಿಗುತ್ತಿತ್ತು. ತಮ್ಮ ಹೊಲದ ಹದ ಆರುತ್ತಿದ್ದ ಎಂಟು ದಿನವೂ ಅವರು ಬೇರೆಯವರ ಹೊಲ ಬಿತ್ತಿದರು. ಆಮೇಲೆ ಮೂಟೆಯೇನೋ ಮನೆಗೆ ಬಂತು. ಮುಂದಿನ ಮಳೆ ಬರಲು ಇನ್ನೂ ಎರಡು ವಾರ ಬೇಕಾಯಿತು.

ಅಲ್ಲಿಯವರೆಗೆ ನಾನು ಮೂಟೆಯನ್ನು ಹೊಟ್ಟೆಯ ಲೆಕ್ಕದಲ್ಲಿ ನೋಡುತ್ತಿದ್ದೆ: ಎಷ್ಟು ಜನ, ಎಷ್ಟು ದಿನ, ತಲೆಗೆ ಎಷ್ಟು ಗ್ರಾಂ. ಆ ಹೆಂಗಸಿನ ಲೆಕ್ಕವೇ ಬೇರೆ. ಬಿತ್ತನೆಯ ವಾರದಲ್ಲಿ ಮೂಟೆ ಮನೆಯಲ್ಲಿದ್ದರೆ ಅವರು ತಮ್ಮ ಹೊಲದಲ್ಲಿರುತ್ತಾರೆ. ಇಲ್ಲದಿದ್ದರೆ ಇನ್ನೊಬ್ಬರ ಹೊಲದಲ್ಲಿ. ಆ ತಿಂಗಳಿನಿಂದ ಹಂಚಿಕೆಯ ದಿನಗಳನ್ನು ಲಾರಿಗಳ ಅನುಕೂಲಕ್ಕೆ ಬಿಡದೆ, ಪ್ರತಿ ಊರಿನ ಮುಖಂಡರನ್ನು ಬಿತ್ತನೆ, ಕಳೆಯ ದಿನ ಕೇಳಿ ಗೊತ್ತುಮಾಡಿದೆ. 2015ರ ನೆರೆಯಲ್ಲಿ ದಾರಿ ಕಡಿದುಹೋಗಿದ್ದ ಮಖಂಗಾ ಕಡೆಯ ಮೂಟೆಗಳನ್ನು ನದಿ ತುಂಬುವ ಮೊದಲೇ ದಾಟಿಸಲು ಹಟ ಹಿಡಿದೆ. ತೇವಾಂಶದ ಪರೀಕ್ಷೆಯನ್ನು ನಮ್ಮ ಬಾಗಿಲಲ್ಲಿ ಅಲ್ಲ, ಲಾರಿ ತುಂಬುವ ಜಾಗದಲ್ಲೇ ಮಾಡಬೇಕೆಂದು ಪತ್ರದ ಮೇಲೆ ಪತ್ರ ಬರೆದೆ. ಮೂರನೆಯ ಪತ್ರಕ್ಕೆ ಒಪ್ಪಿಗೆ ಬಂತು.

ಫೆಬ್ರವರಿಯಲ್ಲಿ ಅದೇ ಊರಿಗೆ ಹೋದಾಗ ಆ ಅಮಾಯಿ ತಮ್ಮ ಹೊಲ ತೋರಿಸಲು ಕರೆದುಕೊಂಡು ಹೋದರು. ಮಳೆ ಆ ವರ್ಷ ಮೋಸ ಮಾಡಿರಲಿಲ್ಲ. ಎಡಗಡೆಯ ಬೆಳೆ ನನ್ನ ತಲೆ ಮೀರಿ, ತೆನೆಗಳು ಹಾಲುಗಾಳಿಗೆ ಬಂದಿದ್ದವು. ಬಲಗಡೆಯದು ಇನ್ನೂ ನನ್ನ ಸೊಂಟದ ಮಟ್ಟಕ್ಕಿತ್ತು, ತೆನೆ ಇಣುಕಿರಲಿಲ್ಲ. ನಡುವೆ ಗೆರೆ ಎಳೆದಷ್ಟು ನೇರವಾಗಿ ಎರಡೂ ಬೇರೆಯಾಗಿದ್ದವು. ಅವರು ಎಡಗಡೆಯಿಂದ ಒಂದು ತೆನೆ ಮುರಿದು ನನ್ನ ಕೈಗಿಟ್ಟರು.